ಪೈಇನ್‌ಸ್ಟಾಲರ್: ಡಬ್ಬಿ ಗಟ್ಟಿ, ಬೀಗ ಮಾತ್ರ ಇಲ್ಲ

ಮೂರು ವರ್ಷದಿಂದ ಪೈಥಾನ್‌ನಲ್ಲಿ ಬರೆದ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುತ್ತಿದ್ದೇನೆ. ಗಿರಾಕಿಗಳು ಹಾರ್ಡ್‌ವೇರ್ ಅಂಗಡಿಯವರು. ಜಿಎಸ್‌ಟಿ ಬಿಲ್, ಸ್ಟಾಕ್, ಉದ್ರಿ ಲೆಕ್ಕ, ಇಷ್ಟೇ ಕೆಲಸ. ಶುರು ಮಾಡಿದಾಗ ಗೆಳೆಯರು ನಕ್ಕಿದ್ದರು, ಪೈಥಾನ್ ಅಂದ್ರೆ ಕಲಿಯೋರ ಭಾಷೆ, ಅದನ್ನ ಯಾರಾದ್ರೂ ಮಾರ್ತಾರಾ ಅಂತ. ಆದ್ರೆ ಬೇಸಿಕ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆಯ ಪೂರ್ತಿ ಹೆಸರಲ್ಲೇ 'ಬಿಗಿನರ್ಸ್' ಅಂತ ಇದೆ. ಅದೇ ಮನೆತನದ ವಿಬಿ6 (ವಿಷುಯಲ್ ಬೇಸಿಕ್ 6) 1998ರದ್ದು, ಅದರಲ್ಲಿ ಬರೆದ ಬಿಲ್ಲಿಂಗ್ ಪ್ರೋಗ್ರಾಂಗಳು ಇವತ್ತಿಗೂ ಅಂಗಡಿಗಳಲ್ಲಿ ಓಡ್ತಾ ಇವೆ, ಅಲ್ವಾ?

ಪೈಥಾನ್ ಪ್ರೋಗ್ರಾಂನ್ನು ಇಎಕ್ಸ್‌ಇ, ಅಂದ್ರೆ ವಿಂಡೋಸ್‌ನಲ್ಲಿ ನೇರವಾಗಿ ಓಡೋ ಫೈಲ್, ಮಾಡೋಕೆ ನಾನು ಬಳಸಿದ್ದು ಪೈಇನ್‌ಸ್ಟಾಲರ್ ಅನ್ನೋ ಸಾಧನ. ಪುಕ್ಕಟೆ ಸಿಗುತ್ತೆ, ಕಟ್ಟಿದ್ದನ್ನು ಮಾರೋಕೂ ಅದರ ಲೈಸೆನ್ಸ್‌ನಲ್ಲಿ ಅಡ್ಡಿ ಇಲ್ಲ. ಒಂದು ಕಮಾಂಡ್ ಕೊಟ್ರೆ ಸಾಕು, ಪೈಥಾನ್ ಇಲ್ಲದ ಕಂಪ್ಯೂಟರಲ್ಲೂ ಪ್ರೋಗ್ರಾಂ ಓಡುತ್ತೆ. ಈ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಡಿಮೆ ಯಾಕಂದ್ರೆ ಎಲ್ಲವನ್ನೂ ಒಂದೇ ಫೈಲ್ ಮಾಡಿದಾಗ ಅದು ಪ್ರತಿ ಸಲ ಟೆಂಪ್ ಫೋಲ್ಡರ್‌ನಲ್ಲಿ ಬಿಚ್ಚಿಕೊಂಡು ಆಮೇಲೆ ಶುರುವಾಗುತ್ತೆ. ಹಳೇ ಕಂಪ್ಯೂಟರಲ್ಲಿ ಗಿರಾಕಿ ಎದುರಿಗೆ ನಿಂತಿರೋವಾಗ ಅದು ಬಹಳ ಹೊತ್ತು. ಸಾಲದ್ದಕ್ಕೆ ಆಂಟಿವೈರಸ್ ಕೂಡ ಸುಮ್ನೆ ಅನುಮಾನ ಪಡುತ್ತೆ. ಫೋಲ್ಡರ್ ರೂಪದಲ್ಲಿ ಕಟ್ಟಿ 'ಇನ್ನೊ ಸೆಟಪ್' (Inno Setup) ಅನ್ನೋ ಪ್ರೋಗ್ರಾಂನಲ್ಲಿ ಇನ್‌ಸ್ಟಾಲರ್ ಮಾಡಿ ಕೊಟ್ಟ ಮೇಲೆ ಈ ಎರಡೂ ಕಾಟ ಕಡಿಮೆಯಾಯಿತು.

ಕೋಡ್ ಬಚ್ಚಿಡೋ ವಿಷಯಕ್ಕೆ ಬಂದರೆ ಐದಕ್ಕೆ ಸೊನ್ನೆ. ಇದು ನನಗೆ ಗೊತ್ತಾಗಿದ್ದು ಒಂದು ಅಂಗಡಿಯಲ್ಲಿ. ಮಾಲೀಕರ ಮಗ ಇಂಜಿನಿಯರಿಂಗ್ ಓದ್ತಾನೆ. "ಅಣ್ಣಾ, ನಿಮ್ಮ ಲೈಸೆನ್ಸ್ ಚೆಕ್ ತೆಗೆದುಬಿಟ್ಟೆ, ಬೇಜಾರಾಗಬೇಡಿ" ಅಂತ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಒಂದು ಪುಕ್ಕಟೆ ಸ್ಕ್ರಿಪ್ಟ್‌ನಿಂದ ಇಎಕ್ಸ್‌ಇ ಬಿಚ್ಚಿದರೆ ಒಳಗೆ ಪಿವೈಸಿ ಫೈಲ್‌ಗಳು (ನನ್ನ ಕೋಡ್ ಬೈಟ್‌ಕೋಡ್ ಆಗಿ, ಅಂದ್ರೆ ಪೈಥಾನ್ ಓಡಿಸೋ ರೂಪಕ್ಕೆ ತಿರುಗಿ, ಇರೋ ಫೈಲ್‌ಗಳು) ಸಾಲಾಗಿ ಸಿಗುತ್ತವೆ, ಇನ್ನೊಂದರಿಂದ ಅವನ್ನು ಮತ್ತೆ ಪೈಥಾನ್ ಕೋಡ್ ಮಾಡಬಹುದು. ಅಂಗಡಿಗಳಲ್ಲಿ ವಿಂಡೋಸ್ 7 ಇತ್ತು ಅಂತ ನಾನು ಪೈಥಾನ್ 3.8ರಲ್ಲೇ ಉಳಿದಿದ್ದೆ, ಅದಕ್ಕಿಂತ ಹೊಸದು ಅದರಲ್ಲಿ ಓಡಲ್ಲ. ಹೊಸ ಆವೃತ್ತಿಗಳಲ್ಲಿ ಈ ಬಿಚ್ಚೋ ಸಾಧನಗಳು ಎಡವುತ್ತವೆ, 3.8ರದ್ದು ಮಾತ್ರ ಬಾಳೆಹಣ್ಣು ಸುಲಿದಂತೆ ಬಂತು. ನಾನು ಬರೆದ ಕಾಮೆಂಟ್‌ಗಳು ಇರಲಿಲ್ಲ, ಅಷ್ಟೇ. 'ಉದ್ರಿ_ಬಾಕಿ' ಅನ್ನೋ ಹೆಸರು ಸಹಿತ ಹಾಗೇ ಇತ್ತು. ದುಡ್ಡು ಕೊಟ್ಟಿದ್ದಾರಾ ಅಂತ ನೋಡೋ ಲೈಸೆನ್ಸ್ ಫಂಕ್ಷನ್‌ನಲ್ಲಿ ಅವನು 'ಫಾಲ್ಸ್' ಇದ್ದಲ್ಲಿ 'ಟ್ರೂ' ಹಾಕಿದ್ದ, ಒಂದೇ ಪದ. ಅದರ ಕೆಳಗೇ ಬ್ಯಾಕಪ್ ಕಳಿಸೋ ನನ್ನ ಮೇಲ್‌ನ ಪಾಸ್‌ವರ್ಡ್ ಇತ್ತು. ನಾನು ತಲೆ ಎತ್ತಲಿಲ್ಲ.

ತಪ್ಪು ಪೈಇನ್‌ಸ್ಟಾಲರ್‌ನದ್ದಲ್ಲ. ಮೊದಲು ಅದರಲ್ಲಿ ಬೈಟ್‌ಕೋಡ್ ಎನ್‌ಕ್ರಿಪ್ಟ್ ಮಾಡೋ, ಅಂದ್ರೆ ಬೀಗ ಹಾಕಿ ಇಡೋ, ಆಯ್ಕೆ ಇತ್ತು, ಆದರೆ ಬೀಗದ ಕೈ ಕೂಡ ಅದೇ ಡಬ್ಬಿಯಲ್ಲೇ ಇರ್ತಿತ್ತು. 2023ರಲ್ಲಿ 6.0 ಬಂದಾಗ ಅವರೇ ಅದನ್ನು ತೆಗೆದುಹಾಕಿದರು. ಫೈಲ್‌ಗಳನ್ನು ಇಂಟರ್‌ನೆಟ್‌ನಲ್ಲಿ ಇಡೋ ಡ್ರಾಪ್‌ಬಾಕ್ಸ್‌ನವರ ಡೆಸ್ಕ್‌ಟಾಪ್ ಪ್ರೋಗ್ರಾಂ ಪೈಥಾನ್‌ನದ್ದೇ, ಪೈಥಾನ್ ಕೋಡ್ ಓಡಿಸೋ ಇಂಟರ್‌ಪ್ರಿಟರನ್ನೇ ತಿದ್ದಿ ಕೋಡ್ ಮುಚ್ಚಿಟ್ಟಿದ್ದರು. 2013ರಲ್ಲಿ ಇಬ್ಬರು ಸಂಶೋಧಕರು ಅದನ್ನೂ ಬಿಚ್ಚಿ ತೋರಿಸಿದರು. ಹಾಗಂತ ಡ್ರಾಪ್‌ಬಾಕ್ಸ್ ಮುಳುಗಿಹೋಯಿತಾ?

ಈಗ ನಾನು ನುಯಿಟ್ಕಾ ಅನ್ನೋ ಇನ್ನೊಂದು ಸಾಧನಕ್ಕೆ ಬದಲಾಗಿದ್ದೇನೆ. ಅದು ಪೈಥಾನ್ ಕೋಡನ್ನು ಸಿ ಭಾಷೆಗೆ ತಿರುಗಿಸಿ ಕಂಪೈಲ್ ಮಾಡುತ್ತೆ, ಅಂದ್ರೆ ಯಂತ್ರದ ಭಾಷೆಗೆ ಇಳಿಸುತ್ತೆ, ಪಿವೈಸಿ ಅನ್ನೋದೇ ಸಿಗಲ್ಲ. ಕಂಪೈಲ್‌ಗೆ ಕೊಟ್ಟು ಊಟಕ್ಕೆ ಹೋಗಿ ಬರಬಹುದು, ನನ್ನ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ನಿಧಾನ. ಇದರಲ್ಲೂ ಕೋಡ್ ಒಳಗೆ ಬರೆದ ಪಾಸ್‌ವರ್ಡ್ ತರದ ಪದಗಳು ಹುಡುಕಿದರೆ ಕಾಣ್ತವೆ, ಅವನ್ನು ಮುಚ್ಚೋ ಸೌಲಭ್ಯ ದುಡ್ಡು ಕೊಟ್ಟು ತಗೊಳ್ಳೋ ಆವೃತ್ತಿಯಲ್ಲಿದೆ. ನಾನು ಅದನ್ನು ತಗೊಂಡಿಲ್ಲ. ಪಾಸ್‌ವರ್ಡನ್ನೇ ಕೋಡ್‌ನಿಂದ ತೆಗೆದು ಸರ್ವರ್‌ಗೆ ಹಾಕಿದೆ. ಐದಕ್ಕೆ ನಾಲ್ಕು.

ಹುಡುಗ ಬೀಗ ಮುರಿದ ಅಂಗಡಿಯವರು ಈ ವರ್ಷದ ಸರ್ವಿಸ್ ದುಡ್ಡನ್ನೂ ಕೊಟ್ಟಿದ್ದಾರೆ. ಮಗ ಮಾಡಿದ್ದು ಅವರಿಗೆ ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ ಸಿಮೆಂಟಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋ ಮುಂಚೆ ಅವರು ಫೋನ್ ಮಾಡಿದ್ದು ನನಗೆ, ಮಗನಿಗಲ್ಲ. ಅವನಿನ್ನೂ ಮಲಗಿದ್ದನಂತೆ.