ಪೇಪರ್‌ಲೆಸ್ ಎನ್‌ಜಿಎಕ್ಸ್: ಸಣ್ಣ ಕಚೇರಿಯ ಕಡತಗಳಿಗೆ ಒಳ್ಳೆಯ ಆಯ್ಕೆ, ಸರ್ವರ್ ಸರಿಯಿದ್ದರೆ

ಸ್ಕ್ಯಾನ್ ಮಾಡಿದ ಕಾಗದ ಹುಡುಕಿದ ಕೂಡಲೇ ಕೈಗೆ ಸಿಗಬೇಕು ಎನ್ನುವವರಿಗೆ ಈ ಮುಕ್ತ ತಂತ್ರಾಂಶವನ್ನು ಧೈರ್ಯವಾಗಿ ಹೇಳಬಹುದು. ಡಾಕರ್ ಕಂಪೋಸ್ (ತಂತ್ರಾಂಶವನ್ನು ಅದರ ಭಾಗಗಳೆಲ್ಲದರ ಜೊತೆ ಒಂದೇ ಸೆಟ್ಟಿಂಗ್ ಕಡತದಿಂದ ಓಡಿಸುವ ಸಾಧನ) ಗೊತ್ತಿದ್ದವರಿಗೆ ಸ್ಥಾಪನೆ ಕಷ್ಟವಲ್ಲ.

ಭಾರವೆಲ್ಲ ಬೀಳುವುದು ಓಸಿಆರ್ ಹಂತದಲ್ಲಿ, ಅಂದರೆ ಸ್ಕ್ಯಾನ್ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವಾಗ. ಈ ಕೆಲಸ ಮಾಡುವ ಟೆಸರಾಕ್ಟ್ ಎಂಬ ತಂತ್ರಾಂಶ ಪ್ರತಿ ಪುಟವನ್ನೂ ಪ್ರೊಸೆಸರ್‌ನಲ್ಲೇ ಓದುತ್ತದೆ. 4 ಕೋರ್, 8 ಜಿಬಿ ರ‍್ಯಾಮ್ ಇದ್ದರೆ ನೆಮ್ಮದಿ. ವರ್ಕರ್‌ಗಳ (ಏಕಕಾಲಕ್ಕೆ ಕಡತಗಳನ್ನು ಸಂಸ್ಕರಿಸುವ ಪ್ರಕ್ರಿಯೆಗಳು) ಸಂಖ್ಯೆಯನ್ನು ಪ್ರತಿ ವರ್ಕರ್‌ನ ಥ್ರೆಡ್‌ಗಳಿಂದ (ಅದರೊಳಗೆ ಜೊತೆಜೊತೆಗೆ ನಡೆಯುವ ಕೆಲಸಗಳು) ಗುಣಿಸಿದಾಗ ಬರುವ ಸಂಖ್ಯೆ ಕೋರ್‌ಗಳ ಸಂಖ್ಯೆಯನ್ನು ಮೀರಬಾರದು. ಮೀರಿದರೆ ವೆಬ್ ಪುಟವೂ ತೆವಳುತ್ತದೆ. ಮೂಲ ಕಡತದ ಜೊತೆ ಪಿಡಿಎಫ್/ಎ (ದೀರ್ಘಕಾಲ ಕಾಪಿಡಲು ರೂಪಿಸಿದ ಪಿಡಿಎಫ್) ಪ್ರತಿಯೂ ಉಳಿಯುವುದರಿಂದ ಡಿಸ್ಕ್ ಅಂದಾಜನ್ನು ದುಪ್ಪಟ್ಟು ಮಾಡಿ. ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ಅದೂ ಎಸ್‌ಎಸ್‌ಡಿ ಮೇಲೆ.

ಕನ್ನಡ ಕಡತಗಳಿಗೆ ಎರಡು ಸೆಟ್ಟಿಂಗ್ ಬೇಕು: ಭಾಷಾ ಪ್ಯಾಕ್ ಇಳಿಸಲು ಒಂದು, ಓದುವಾಗ ಅದನ್ನು ಬಳಸಲು ಇನ್ನೊಂದು. ಎರಡನೆಯದನ್ನು ಮರೆತರೆ ಕನ್ನಡ ಪುಟವನ್ನು ಇಂಗ್ಲಿಷ್ ಎಂದೇ ಓದಿ ಅರ್ಥವಿಲ್ಲದ ಅಕ್ಷರ ತುಂಬುತ್ತದೆ, ಹುಡುಕಾಟ ಕೈಕೊಡುತ್ತದೆ.

ಸ್ಕ್ಯಾನರ್ ನೆಟ್‌ವರ್ಕ್ ಫೋಲ್ಡರ್‌ಗೆ ಕಳಿಸಿದ ಕಡತ ಅಲ್ಲೇ ಬಿದ್ದಿದೆಯೇ? ಅಂಥ ಫೋಲ್ಡರ್‌ಗಳಲ್ಲಿ ಹೊಸ ಕಡತದ ಸೂಚನೆ ತಂತ್ರಾಂಶಕ್ಕೆ ಹಲವೊಮ್ಮೆ ಬರುವುದಿಲ್ಲ. ಫೋಲ್ಡರನ್ನು ಆಗಾಗ ತಾನೇ ನೋಡುವಂತೆ ಮಾಡುವ ಪೋಲಿಂಗ್ ಆನ್ ಮಾಡಿ.

ಬ್ಯಾಕಪ್‌ಗೆ ಓಡುತ್ತಿರುವ ಡೇಟಾಬೇಸ್ ಫೋಲ್ಡರನ್ನು ನಕಲಿಸಬೇಡಿ, ತಂತ್ರಾಂಶದ ಒಳಗೇ ಇರುವ ಎಕ್ಸ್‌ಪೋರ್ಟರ್ (ಕಡತ, ಮಾಹಿತಿಗಳನ್ನು ಹೊರತೆಗೆಯುವ ಸಾಧನ) ಬಳಸಿ. ಮರಳಿ ತುಂಬಿಸಲು ಅದೇ ಆವೃತ್ತಿ ಬೇಕಾಗುವುದರಿಂದ ಆವೃತ್ತಿ ಸಂಖ್ಯೆಯನ್ನೂ ಬರೆದಿಡಿ.