ಎಣ್ಣೆ ಕುಡಿಯುವ ಸಿಂಗಲ್, ರೀಕಾಲ್ ಆದ ಟ್ವಿನ್: ಎರಡನ್ನೂ ಸಾಕಿದ ಮೇಲೆ

ಬೈಕ್ ಹೋಲಿಕೆ ಅಂದರೆ ಮೈಲೇಜ್, ಪವರ್, ಸೀಟಿನ ಎತ್ತರ ಇವೇ ಇರುತ್ತವೆ. ಇಲ್ಲಿ ಅದ್ಯಾವುದೂ ಇಲ್ಲ. ನನ್ನ ಬೈಕುಗಳು ಹೇಗೆ ಕೈಕೊಟ್ಟವು, ಕೈಕೊಟ್ಟ ಮೇಲೆ ಕಂಪನಿಯವರು ಏನು ಮಾಡಿದರು, ಅಷ್ಟೇ. ಹೊಸದರಲ್ಲಿ ಎಲ್ಲ ಬೈಕೂ ಚೆನ್ನಾಗಿಯೇ ಓಡುತ್ತವೆ ಅಲ್ವಾ.

ಮೊದಲನೆಯದು ಸಿಂಗಲ್ ಸಿಲಿಂಡರ್, ಲಿಕ್ವಿಡ್ ಕೂಲ್ಡ್, ಹೊಸದಾಗಿ ಶೋರೂಮಿನಿಂದ ತಂದಿದ್ದು. ನಾಲ್ಕು ವರ್ಷ, 38,000 ಕಿ.ಮೀ. ಎರಡನೆಯದು ಪ್ಯಾರಲಲ್ ಟ್ವಿನ್, ಅಂದರೆ ಅಕ್ಕಪಕ್ಕ ಎರಡು ಸಿಲಿಂಡರ್ ಇರುವುದು, ಒಬ್ಬರು ಎರಡು ವರ್ಷ ಓಡಿಸಿದ್ದನ್ನು ಕೊಂಡಿದ್ದು, ಈಗಲೂ ಇದೆ. ಇವೆರಡರ ಜೊತೆಗೆ ಒಂದು ಹಳೇ ಏರ್ ಕೂಲ್ಡ್ ಕಾರ್ಬುರೇಟರ್ ಬೈಕೂ ಇತ್ತು. ಅದರ ಮಾತು ಆಮೇಲೆ. ಕಂಪನಿಗಳ ಹೆಸರು ಹೇಳುವುದಿಲ್ಲ, ಹೇಳಿದರೆ ಮಾತು ಬೈಕ್ ಬಿಟ್ಟು ಅಭಿಮಾನದ ಜಗಳಕ್ಕೆ ಹೋಗುತ್ತದೆ.

ಸಿಂಗಲ್ ಓಡಿಸಲು ಬಲು ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೀ ಬೈಗುಳವೇ ಇದೆ. 9,000 ಕಿ.ಮೀ. ಆದಾಗ ಒಂದು ದಿನ ಬೈಕ್ ತೊಳೆಯಲು ಕುಳಿತಿದ್ದೆ. ಎಂಜಿನ್ ಪಕ್ಕದ ಆಯಿಲ್ ನೋಡುವ ಗಾಜಿನಲ್ಲಿ ಆಯಿಲ್ಲೇ ಕಾಣಲಿಲ್ಲ. ಬೈಕ್ ಓರೆ ನಿಂತಿದೆಯೇನೋ ಅಂದುಕೊಂಡು ನೆಟ್ಟಗೆ ನಿಲ್ಲಿಸಿ ನೋಡಿದೆ. ಇಲ್ಲ. ಮೂರು ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಎರಡು ನಿಮಿಷ ಬಿಟ್ಟು ನೋಡಿದೆ. ಆಗಲೂ ಇಲ್ಲ. ಎಲ್ಲೂ ಸೋರಿಕೆ ಇಲ್ಲ, ನೆಲದ ಮೇಲೆ ಒಂದು ಹನಿ ಇಲ್ಲ, ಆದರೆ ಗಾಜಿನ ಕೆಳಗಿನ ಗೆರೆಗೆ ಬರಲು ಅರ್ಧ ಲೀಟರಿಗಿಂತ ಜಾಸ್ತಿ ಹಾಕಬೇಕಾಯಿತು. ಆ ಎಂಜಿನ್ ಹಿಡಿಯುವುದೇ 1.7 ಲೀಟರ್.

ಆ ದಿನದಿಂದ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಡಲು ಶುರು ಮಾಡಿದೆ. ತಾರೀಕು, ಓಡೋಮೀಟರ್, ಹಾಕಿದ ಆಯಿಲ್. ಮೊದಲು 1000 ಕಿ.ಮೀ.ಗೆ 450 ಮಿ.ಲೀ., ಆರು ತಿಂಗಳಲ್ಲಿ 600. ನೋಟ್‌ಬುಕ್ ತೆಗೆದುಕೊಂಡು ಸರ್ವೀಸ್ ಸೆಂಟರಿಗೆ ಹೋದರೆ ಅಲ್ಲಿದ್ದವರು ಅದನ್ನು ತೆರೆದೂ ನೋಡಲಿಲ್ಲ. "ಸರ್, ಈ ಮಾಡೆಲ್ಲಿಗೆ ಇದು ನಾರ್ಮಲ್" ಅಂದರು. ಕೈಪಿಡಿಯಲ್ಲೂ ಹಾಗೇ ಇದೆಯಂತೆ. ಮನೆಗೆ ಬಂದು ಹುಡುಕಿದರೆ ನಿಜ, ಹಿಂದಿನ ಪುಟಗಳಲ್ಲೆಲ್ಲೋ ಒಂದು ಸಾಲು ಇತ್ತು: 1000 ಕಿ.ಮೀ.ಗೆ 1 ಲೀಟರ್‌ವರೆಗೆ ಸರಿ ಎಂದು. ಅದೇ ಕೈಪಿಡಿ ಆಯಿಲ್ ಬದಲಿಸಲು 10,000 ಕಿ.ಮೀ. ಕಾಯಿರಿ ಅನ್ನುತ್ತದೆ. 1.7 ಲೀಟರಿನ ಎಂಜಿನ್ನಿಗೆ ಈ ಎರಡು ಲೆಕ್ಕ ಹೇಗೆ ಹೊಂದುತ್ತವೆ ಅಂತ ಕೇಳಿದೆ. "ನೀವು ಆಗಾಗ ಚೆಕ್ ಮಾಡ್ತಾ ಇರಿ ಸರ್" ಎಂಬ ಉತ್ತರ ಬಂತು.

ಎಣ್ಣೆ ಎಲ್ಲಿ ಹೋಗುತ್ತದೆ ಅಂತ ಕಂಡುಹಿಡಿಯುವುದು ಅಷ್ಟೇನೂ ಕಷ್ಟವಲ್ಲ. ರಾತ್ರಿಯೆಲ್ಲ ನಿಂತ ಬೈಕನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ, ಅಥವಾ ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಇಳಿದು ಮತ್ತೆ ಕೊಟ್ಟಾಗ ಬಂದರೆ, ವಾಲ್ವ್ ಸುತ್ತ ಆಯಿಲ್ ತಡೆಯುವ ಸೀಲುಗಳ ಕಡೆ ಅನುಮಾನ. ಲೋಡ್ ಮೇಲೆ ಎಳೆಯುವಾಗ ಬಂದರೆ ಪಿಸ್ಟನ್ ಸುತ್ತ ಆಯಿಲ್ ತಡೆಯುವ ರಿಂಗು. ನನ್ನದು ಎರಡನೆಯ ಜಾತಿ. ನಮ್ಮ ಹಳೇ ಮೆಕ್ಯಾನಿಕ್ ಒಬ್ಬರು ಮೀಟರ್ ಹಾಕಿ ಸಿಲಿಂಡರಿನ ಒಳಗಿನ ಒತ್ತಡ, ಅಂದರೆ ಕಂಪ್ರೆಷನ್, ನೋಡಿದರು, ಕಡಿಮೆ ಇತ್ತು. ಆಮೇಲೆ ಸ್ಪಾರ್ಕ್ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರು. ಮುಳ್ಳು ಮೇಲೆದ್ದಿತು. ರಿಂಗಿನ ಸಂದಿಯನ್ನು ಆಯಿಲ್ ಸ್ವಲ್ಪ ಹೊತ್ತು ಮುಚ್ಚುತ್ತದೆ, ಅದಕ್ಕೇ ಏರುತ್ತದೆ. ವಾಲ್ವ್ ಹೋಗಿದ್ದರೆ ಅಷ್ಟು ಏರುತ್ತಿರಲಿಲ್ಲ. ಇದನ್ನು ಸರ್ವೀಸ್ ಸೆಂಟರಿನಲ್ಲಿ ಹೇಳಿದ್ದೇ ನಾನು ಮಾಡಿದ ತಪ್ಪು. "ಹೊರಗಡೆ ಎಂಜಿನ್ ಮುಟ್ಟಿಸಿದ್ದೀರಾ? ಹಾಗಾದರೆ ವಾರಂಟಿ ಕಷ್ಟ." ಪ್ಲಗ್ ಬಿಚ್ಚುವುದು ಎಂಜಿನ್ ಮುಟ್ಟಿದ ಹಾಗೆ ಅಂತ ಅವತ್ತೇ ಗೊತ್ತಾಗಿದ್ದು.

ಜಗಳ ಆಡಿ, ಮೇಲ್ ಬರೆದು, ಫೋಟೋ ಕಳಿಸಿ, ವಾರಂಟಿ ಮುಗಿಯಲು ಎರಡು ತಿಂಗಳಿರುವಾಗ ರಿಂಗ್ ಬದಲಿಸಿಕೊಟ್ಟರು. ದೋಷ ಅಂತ ಒಪ್ಪಿಕೊಂಡಲ್ಲ, "ಗ್ರಾಹಕರ ಸಂತೋಷಕ್ಕಾಗಿ" ಅಂತೆ. 4,000 ಕಿ.ಮೀ. ಸಂತೋಷವಾಗಿಯೇ ಇದ್ದೆ. ಆಮೇಲೆ ಗಾಜು ಮತ್ತೆ ಖಾಲಿ.

ಇನ್ನೊಂದು ವಿಷಯ ಹೇಳದೆ ಬಿಡಲಾರೆ. ಅದೇ ಬೈಕಿನಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಸೆಕೆಂಡ್ ಗರಗರ ಅನ್ನುವ ಸದ್ದು ಬರುತ್ತಿತ್ತು, ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಎಂಜಿನ್ ಒಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಅದು. ಅದಕ್ಕೂ "ನಾರ್ಮಲ್" ಎಂಬ ಸರ್ಟಿಫಿಕೇಟೇ ಸಿಕ್ಕಿತ್ತು. ಕೊನೆಗೆ ನಾನೇ ದುಡ್ಡು ಕೊಟ್ಟು ಹೊಸ ಟೆನ್ಷನರ್ ತರಿಸಿದೆ. ಹಳೇದರ ಪಕ್ಕ ಇಟ್ಟು ನೋಡಿದರೆ ಪಾರ್ಟ್ ನಂಬರಿನ ಕೊನೆಯ ಅಕ್ಷರ ಬೇರೆ, ಒಳಗಿನ ಸ್ಪ್ರಿಂಗ್ ದಪ್ಪ, ರಾಚೆಟ್ಟಿನ ಹಲ್ಲು ಸಣ್ಣ. ಅಂದರೆ ಯಾರೋ ಕುಳಿತು ಅದನ್ನು ಸರಿಪಡಿಸಿದ್ದಾರೆ! ದೋಷ ಅವರಿಗೆ ಗೊತ್ತಿತ್ತು. ಹೊಸ ಬೈಕುಗಳಿಗೆ ಹೊಸ ಪಾರ್ಟ್ ಹಾಕಿದ್ದಾರೆ, ನಮ್ಮಂಥವರಿಗೆ ಒಂದು ಮಾತು ಹೇಳಿಲ್ಲ. ನಾರ್ಮಲ್ ಆಗಿದ್ದರೆ ಬದಲಿಸಿದ್ದು ಯಾಕೆ? ಎಣ್ಣೆ ಕುಡಿದಿದ್ದಕ್ಕಿಂತ ಇದು ನನಗೆ ಜಾಸ್ತಿ ಉರಿಸಿತು.

ಈಗ ಟ್ವಿನ್. ಇದು ಮಾಡಿದ ಕೆಲಸ ನೋಡಿದರೆ ಸಿಂಗಲ್ ಪಾಪದ ಪ್ರಾಣಿ. ಒಂದು ಸಂಜೆ ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುತ್ತಿದ್ದೆ. ಮೀಟರಿನ ದೀಪ ಒಮ್ಮೆ ಮಂಕಾಯಿತು, ಮತ್ತೆ ಬಂತು, ಆಮೇಲೆ ಎಲ್ಲ ಒಟ್ಟಿಗೆ ಹೋಯಿತು. ಎಂಜಿನ್, ಹೆಡ್‌ಲೈಟ್, ಇಂಡಿಕೇಟರ್, ಹಾರ್ನ್, ಎಲ್ಲ. ಪಕ್ಕದಲ್ಲಿ ಲಾರಿಯ ಚಕ್ರ. ಕ್ಲಚ್ ಹಿಡಿದೆ, ಲಾರಿ ಮುಂದೆ ಹೋಗುವವರೆಗೆ ಉಸಿರು ಬಿಗಿಹಿಡಿದು ಉರುಳಿ, ರಸ್ತೆ ಬದಿಗೆ ತಂದೆ. ಇಳಿದ ಮೇಲೆ ಮಂಡಿ ನಡುಗುತ್ತಿತ್ತು. ಸೈಡ್ ಪ್ಯಾನೆಲ್ ತೆಗೆದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್‌ನಿಂದ ಬರುವ ಮೂರು ಹಳದಿ ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ, ಅಂದರೆ ಕಪ್ಲರ್, ಕಂದು ಬಣ್ಣಕ್ಕೆ ತಿರುಗಿ, ಒಂದು ಕಿವಿ ಕರಗಿ, ಬಿಡಿಸಲು ಬಾರದ ಹಾಗೆ ಅಂಟಿಕೊಂಡಿತ್ತು.

ಇದರ ಹಿಂದಿನ ಕಥೆ ಸರಳ. ಎಷ್ಟೋ ಬೈಕುಗಳಲ್ಲಿ ಕರೆಂಟ್ ಮಾಡುವುದು ಕಾಯಂ ಮ್ಯಾಗ್ನೆಟ್. ಎಂಜಿನ್ ಜೋರಾಗಿ ತಿರುಗಿದಷ್ಟೂ ಅದು ಮಾಡುತ್ತಲೇ ಇರುತ್ತದೆ, ಬೇಕೋ ಬೇಡವೋ ಕೇಳುವುದಿಲ್ಲ. ಹಳೇ ಬಗೆಯ ಆರ್‌ಆರ್ ಯೂನಿಟ್ (ಕರೆಂಟನ್ನು ಬ್ಯಾಟರಿಗೆ ಹೊಂದುವ ಹಾಗೆ ಮಾಡುವ ರೆಗ್ಯುಲೇಟರ್ ರೆಕ್ಟಿಫೈಯರ್) ಹೆಚ್ಚಾದದ್ದನ್ನು ಶಾರ್ಟ್ ಮಾಡಿ ಕಾಯಿಲ್ಲಿಗೇ ತಿರುಗಿಸುತ್ತದೆ. ಹಾಗಾಗಿ ಕಾಯಿಲ್ಲೂ ಆ ಮೂರು ವೈರೂ ಸದಾ ಪೂರ್ತಿ ಕರೆಂಟ್ ಹೊತ್ತಿರುತ್ತವೆ. ಕಪ್ಲರಿನ ಒಂದು ಪಿನ್ ಸ್ವಲ್ಪ ಸಡಿಲವಾದರೆ ಅಲ್ಲಿ ಬಿಸಿ, ಬಿಸಿಯಿಂದ ಇನ್ನಷ್ಟು ಸಡಿಲ, ಕೊನೆಗೆ ಬೆಂಕಿ ಇಲ್ಲದ ಅಡುಗೆ. ಚಾರ್ಜಿಂಗ್ ನಿಂತ ಮೇಲೆ ಬೈಕ್ ಬ್ಯಾಟರಿಯ ಮೇಲೆ ಸ್ವಲ್ಪ ದೂರ ಓಡುತ್ತದೆ, ಅದೂ ಮುಗಿದಾಗ ನೀವು ಲಾರಿ ಪಕ್ಕದಲ್ಲಿರುತ್ತೀರಿ.

ಮನೆಗೆ ಬಂದು ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿದೆ. ಐದು ತಿಂಗಳ ಹಿಂದೆಯೇ ಇದೇ ದೋಷಕ್ಕೆ ರೀಕಾಲ್ ಆಗಿತ್ತು, ಅಂದರೆ ಕಂಪನಿಯೇ ಸರಿಪಡಿಸಿಕೊಡಲು ಬೈಕುಗಳನ್ನು ವಾಪಸ್ ಕರೆದಿತ್ತು! ಪತ್ರ ಹೋಗಿದ್ದು ಮೊದಲ ಓನರ್ ವಿಳಾಸಕ್ಕೆ. ಅವರು ಮನೆ ಬದಲಿಸಿದ್ದರಂತೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಟೈರು, ಚೈನು, ಗೀರು ಎಲ್ಲ ನೋಡಿದ್ದೆ. ಇದನ್ನು ನೋಡುವ ಬುದ್ಧಿ ಬಂದಿರಲಿಲ್ಲ. ಎರಡು ನಿಮಿಷದ ಕೆಲಸ. 17 ಅಕ್ಷರ, ಅದರಲ್ಲಿ ಐ, ಓ, ಕ್ಯೂ ಬರುವುದಿಲ್ಲ, ಹಾಗಾಗಿ ಓ ಥರ ಕಂಡರೆ ಸೊನ್ನೆ ಅಂತಲೇ ಒತ್ತಿ.

ಆಮೇಲಿನದೂ ಸುಖವಾಗೇನೂ ಇರಲಿಲ್ಲ. "ಪಾರ್ಟ್ ಬಂದಿಲ್ಲ, ಆದರೆ ಬೈಕ್ ಓಡಿಸಬೇಡಿ" ಅಂದರು ಸರ್ವೀಸ್ ಸೆಂಟರಿನವರು. ಏಳು ವಾರ ಬೈಕ್ ಬಟ್ಟೆ ಹೊದ್ದು ನಿಂತಿತು. ವಾರಕ್ಕೊಮ್ಮೆ ಫೋನ್ ಮಾಡಿ ಅಲ್ಲಿನವರ ದನಿ ಕೇಳಿದರೇ ಯಾರು ಅಂತ ಗೊತ್ತಾಗುವಷ್ಟು ಪರಿಚಯವಾಯಿತು. ಕೊನೆಗೆ ಕಾಯಿಲ್, ಆರ್‌ಆರ್ ಯೂನಿಟ್, ವೈರಿಂಗ್ ಎಲ್ಲ ಹೊಸದು ಹಾಕಿದರು, ನಯಾಪೈಸೆ ಕೇಳಲಿಲ್ಲ. 14 ತಿಂಗಳ ನಂತರ ಇನ್ನೊಂದು ಪತ್ರ ಬಂತು, ಈ ಸಲ ನನ್ನ ವಿಳಾಸಕ್ಕೇ: ಮೊದಲ ರೀಕಾಲಿನಲ್ಲಿ ಹಾಕಿದ ಕಪ್ಲರಿನ ರಬ್ಬರ್ ಸೀಲ್ ಸರಿಯಿಲ್ಲ, ಮತ್ತೆ ತನ್ನಿ. ರಿಪೇರಿಯ ರಿಪೇರಿ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 40 ನಿಮಿಷದಲ್ಲಿ ಮುಗಿಸಿ ಕಳಿಸಿದರು.

ಇಷ್ಟೆಲ್ಲ ಆದ ಮೇಲೂ ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಕಣ್ಣುಮುಚ್ಚಿ ಟ್ವಿನ್ ಅನ್ನುತ್ತೇನೆ. ಗೆಳೆಯರು ಬೈಯುತ್ತಾರೆ, "ಸಾಯಿಸಲು ಹೋದ ಬೈಕ್ ಒಳ್ಳೇದು, ಎಣ್ಣೆ ಕುಡಿದ ಬೈಕ್ ಕೆಟ್ಟದ್ದಾ?" ಅಂತ. ಮಾತು ಸುಳ್ಳಲ್ಲ. ಆದರೆ ಟ್ವಿನ್ ಮಾಡಿದವರು ಬರೆದು ಕೊಟ್ಟರು: ತಪ್ಪು ನಮ್ಮದು, ತಪ್ಪು ಇಲ್ಲಿದೆ, ಇಂಥ ನಂಬರಿನಿಂದ ಇಂಥ ನಂಬರಿನವರೆಗೆ. ಸಿಂಗಲ್ ಮಾಡಿದವರು ನಾಲ್ಕು ವರ್ಷವೂ ತಪ್ಪು ನನ್ನದೇ ಅನ್ನುವ ಹಾಗೆ ನಡೆದುಕೊಂಡರು.

ಇದರಲ್ಲಿ ಒಂದು ವಿಚಿತ್ರ ಇದೆ. ಸೇಫ್ಟಿ ರೀಕಾಲ್ ಅನ್ನುವುದು ಹೆಸರೇ ಹೇಳುವ ಹಾಗೆ ಜೀವಕ್ಕೆ ಅಪಾಯ ಇದ್ದಾಗ ಮಾತ್ರ. ಎಂಜಿನ್ ಸದ್ದಿಲ್ಲದೆ, ನಿಧಾನವಾಗಿ ಸವೆದರೆ ಅದು ಓನರಿನ ಜೇಬಿಗೆ ಅಪಾಯ, ಜೀವಕ್ಕಲ್ಲ. ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಎಂಜಿನ್ ಫಟ್ಟನೆ ಸೀಜ್ ಆಗಿ ಹಿಂದಿನ ಚಕ್ರ ಲಾಕ್ ಆಗಬಹುದು ಅಂದರೆ ಕಂಪನಿ ಓಡಿ ಬರುತ್ತದೆ. ಯಮಹಾದವರು 2015ರ ಆರ್1 ಬೈಕುಗಳನ್ನು ವಾಪಸ್ ಕರೆದು ಗೇರ್ ಬಾಕ್ಸನ್ನೇ ಬದಲಿಸಿದ್ದು ಇಂಥದ್ದೇ ಕಾರಣಕ್ಕೆ, ಎರಡನೇ ಗೇರ್ ಒಡೆಯಬಹುದು ಅಂತ. ರಾಯಲ್ ಎನ್‌ಫೀಲ್ಡ್ 2021ರ ಮೇ ತಿಂಗಳಲ್ಲಿ ಇಗ್ನಿಷನ್ ಕಾಯಿಲ್ಲಿನ ದೋಷಕ್ಕೆ ಏಳು ದೇಶಗಳಲ್ಲಿ 2,36,966 ಬೈಕುಗಳನ್ನು ಕರೆಯಿತು. ಕಾಯಿಲ್ ಹೊರಗಿನ ಸಪ್ಲೈಯರ್ ಕಡೆಯಿಂದ ಬಂದದ್ದು, ಮಿಸ್‌ಫೈರ್‌ನಿಂದ ಹಿಡಿದು ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್‌ವರೆಗೂ ಆಗಬಹುದಿತ್ತು. ಸುಜುಕಿ 2013ರಲ್ಲಿ ಜಿಎಸ್‌ಎಕ್ಸ್-ಆರ್ ಬೈಕುಗಳ ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಬದಲಿಸಲು ಕರೆದಾಗ ಪಟ್ಟಿಯಲ್ಲಿ 2004ರ ಬೈಕುಗಳೂ ಇದ್ದವು. ಹಳೇ ಬ್ರೇಕ್ ಆಯಿಲ್ ಒಳಗಿನ ಪಿಸ್ಟನ್ನನ್ನು ತಿಂದು ಗಾಳಿಗುಳ್ಳೆ ಹುಟ್ಟಿ ಲಿವರ್ ಮೆತ್ತಗಾಗುವ ತೊಂದರೆ ಅದು. ಇವನ್ನೆಲ್ಲ ಓದಿದ ಮೇಲೆ ರೀಕಾಲ್ ಆದ ಬೈಕ್ ಅಂದ ಕೂಡಲೇ ಮೂಗು ಮುರಿಯುವುದನ್ನು ನಾನು ಬಿಟ್ಟಿದ್ದೇನೆ. ರೀಕಾಲ್ ಪಟ್ಟಿಯಲ್ಲಿ ಹೆಸರೇ ಇಲ್ಲದ ಬೈಕ್ ನಿಜಕ್ಕೂ ಚೆನ್ನಾಗಿದೆಯೋ, ಬಾಯಿ ಮುಚ್ಚಿಕೊಂಡಿದೆಯೋ, ಹೊರಗಿನಿಂದ ಹೇಳಲು ಆಗುವುದಿಲ್ಲ.

ಹಳೇ ಕಾರ್ಬುರೇಟರ್ ಬೈಕಿನ ಮಾತು ಎರಡು ಸಾಲಲ್ಲಿ ಮುಗಿಯುತ್ತದೆ. ಅದರ ಕಾಯಿಲೆಗಳು ಎಲ್ಲ ಮೆಕ್ಯಾನಿಕ್ಕಿಗೂ ಬಾಯಿಪಾಠ: ಹೆಡ್ ಗ್ಯಾಸ್ಕೆಟ್ ಹತ್ತಿರ ಆಯಿಲ್ ಜಿನುಗುತ್ತದೆ, ಪೆಟ್ರೋಲ್ ಕಾಕ್ ಸೋರುತ್ತದೆ, ಅಷ್ಟೇ. ನೆಮ್ಮದಿ ಬೇಕು ಅನ್ನುವವರಿಗೆ ಅದು ಸಾಕು. ಆದರೆ ಎಬಿಎಸ್ ಇಲ್ಲ, ಮಳೆಯಲ್ಲಿ ಅದರ ಡ್ರಮ್ ಬ್ರೇಕ್ ಹಿಡಿಯುವುದು ದೇವರ ಮೇಲೆ ಭಾರ ಹಾಕಿ. ದೂರದ ಓಡಾಟಕ್ಕೆ ನಾನಂತೂ ಹೇಳುವುದಿಲ್ಲ.

ಟ್ವಿನ್ ಅನ್ನು ಪೂರ್ತಿ ನಂಬಿದ್ದೇನೆ ಅಂತಲೂ ಅಲ್ಲ. ಆ ಎರಡನೇ ರೀಕಾಲ್ ಆದ ಮೇಲೆ 26,000 ಕಿ.ಮೀ. ಓಡಿದೆ, ಏನೂ ಆಗಿಲ್ಲ. ಆದರೂ ತಿಂಗಳಿಗೊಮ್ಮೆ ಬ್ಯಾಟರಿಗೆ ಮೀಟರ್ ಹಿಡಿಯುತ್ತೇನೆ. ಎಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಆಸುಪಾಸು, 4,000 ಆರ್‌ಪಿಎಮ್‌ನಲ್ಲಿ 13.8ರಿಂದ 14.5ರ ಒಳಗೆ ಇದ್ದರೆ ನಿಶ್ಚಿಂತೆ. ದೂರ ಹೋಗಿ ಬಂದ ದಿನ ಪ್ಯಾನೆಲ್ ತೆಗೆದು ಕಪ್ಲರನ್ನು ಬೆರಳಿನಿಂದ ಮುಟ್ಟಿ ನೋಡುತ್ತೇನೆ. ಹೆಂಡತಿ ಇದಕ್ಕೆ ಜ್ವರ ನೋಡುವುದು ಅನ್ನುತ್ತಾಳೆ.

ಸಿಂಗಲ್ ಮಾರಿದೆ. ಕೊಂಡ ಹುಡುಗನಿಗೆ ಎಣ್ಣೆಯ ವಿಷಯ ಎಲ್ಲ ಹೇಳಿ, ಬೆಲೆ ಇಳಿಸಿ, ಆ ನೋಟ್‌ಬುಕ್ಕನ್ನೂ ಅವನ ಕೈಗೆ ಕೊಟ್ಟೆ. "ಪರವಾಗಿಲ್ಲ ಅಣ್ಣ, ನಾನು ಹಾಕಿಕೊಳ್ತೀನಿ" ಅಂತ ಖುಷಿಯಾಗಿಯೇ ಹೋದ. ಮೊನ್ನೆ ಅವನಿಂದ ಒಂದು ಫೋಟೋ ಬಂತು. ಅದೇ ನೋಟ್‌ಬುಕ್, ನನ್ನ ಕೊನೆಯ ಸಾಲಿನ ಕೆಳಗೆ ಅವನ ಅಕ್ಷರ: 41,200, 700 ಮಿ.ಲೀ. ಪಕ್ಕದಲ್ಲಿ ಆವರಣ ಚಿಹ್ನೆ ಹಾಕಿ ಬರೆದಿದ್ದ, (ನಾರ್ಮಲ್ ಅಂತೆ).