ಎಂಟು ತಿಂಗಳ ಬಳಕೆಯ ನಂತರ: ಕಚೇರಿಯ ಕಡತಗಳಿಗೊಂದು ಲೋ-ಕೋಡ್ ವೇದಿಕೆ

ಸಾರ್ವಜನಿಕ ಕಚೇರಿಯೊಂದರ ಅರ್ಜಿ ವಿಲೇವಾರಿಯನ್ನು ಕಾಗದದಿಂದ ಗಣಕಕ್ಕೆ ತರುವ ಹೊಣೆ ನನ್ನ ಪಾಲಿಗೆ ಬಂದು ಎಂಟು ತಿಂಗಳಾಯಿತು. ಇದಕ್ಕಾಗಿ ನಾವು ಬಳಸುತ್ತಿರುವುದು ಕೃತಕ ಬುದ್ಧಿಮತ್ತೆಯ ಸಹಾಯಕವನ್ನೂ ಒಳಗೊಂಡ ಒಂದು ಲೋ-ಕೋಡ್ ವೇದಿಕೆ. ಮುಂದೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಬಗೆಯ ಬೇರೆ ಉತ್ಪನ್ನಗಳಿಗೂ ಅನ್ವಯಿಸುವುದರಿಂದ ಅದರ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಲೋ-ಕೋಡ್ ಎಂಬ ಪದ 2014ರಲ್ಲಿ ಫಾರೆಸ್ಟರ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆಯ ವರದಿಯ ಮೂಲಕ ಬಳಕೆಗೆ ಬಂತು. ಸಾಲು ಸಾಲಾಗಿ ಪ್ರೋಗ್ರಾಂ ಬರೆಯುವ ಬದಲು ಪರದೆಯ ಮೇಲೆ ಚೌಕಗಳನ್ನೂ ಬಾಣಗಳನ್ನೂ ಜೋಡಿಸಿ, ಕಡತ ಯಾರ ಮೇಜಿನಿಂದ ಯಾರ ಮೇಜಿಗೆ ಹೋಗಬೇಕು, ಎಲ್ಲಿ ಷರಾ ಬೀಳಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಚಿತ್ರಿಸುವ ವಿಧಾನ ಇದು.

ನಾವು ಮೊದಲು ಕೈಗೆತ್ತಿಕೊಂಡದ್ದು ರಸ್ತೆ ಅಗೆಯುವ ಅನುಮತಿಯನ್ನು. ಕೊಳವೆಗೋ ಕೇಬಲ್ಲಿಗೋ ರಸ್ತೆ ಅಗೆಯಬೇಕಾದವರು ಅರ್ಜಿ ಹಾಕುತ್ತಾರೆ, ಎಂಜಿನಿಯರ್ ಸ್ಥಳ ಪರಿಶೀಲಿಸುತ್ತಾರೆ, ಠೇವಣಿ ಕಟ್ಟಿಸಿಕೊಂಡು ಅನುಮತಿ ಕೊಡಲಾಗುತ್ತದೆ, ರಸ್ತೆಯನ್ನು ಮೊದಲಿನಂತೆ ಮಾಡಿದ ಮೇಲೆ ಠೇವಣಿ ವಾಪಸಾಗುತ್ತದೆ. ನಿಯಮದ ಪುಸ್ತಕದಲ್ಲಿ ಇಷ್ಟೇ ಇದೆ. ಆದರೆ ಇದೇ ವಿಷಯವನ್ನು ವರ್ಷಗಟ್ಟಲೆ ನಿರ್ವಹಿಸಿದ ನಮ್ಮ ಹಿರಿಯ ಗುಮಾಸ್ತರು ಚಿತ್ರವನ್ನು ನೋಡಿದವರೇ, "ಕೆಲಸ ಮುಗಿಯುವ ಮೊದಲೇ ಅವಧಿ ಮುಗಿದುಹೋದರೆ ಈ ಅರ್ಜಿ ಎಲ್ಲಿಗೆ ಹೋಗುತ್ತದೆ, ಮೇಡಂ?" ಎಂದು ಕೇಳಿದರು. ಅದಕ್ಕೆ ದಾರಿಯೇ ಇರಲಿಲ್ಲ. ಅವರೇ ಒಂದು ಚೌಕವನ್ನು ಎಳೆದು ತಂದು, 'ಅವಧಿ ವಿಸ್ತರಣೆ' ಎಂದು ಹೆಸರಿಟ್ಟು, ಅದರಿಂದ ಹೊರಟ ಬಾಣವನ್ನು ಎಂಜಿನಿಯರ್ ಹಂತಕ್ಕೆ ಮರಳಿ ಸೇರಿಸಿದರು. ಅರ್ಧ ಗಂಟೆಯಲ್ಲಿ ಅದು ಪರೀಕ್ಷೆಗೆ ಸಿದ್ಧವಾಗಿತ್ತು. ಹಿಂದಿನ ತಂತ್ರಾಂಶದಲ್ಲಿ ಇಂಥದೇ ಬದಲಾವಣೆಗೆ ಗುತ್ತಿಗೆದಾರರಿಗೆ ಪತ್ರ ಬರೆದು ವಾರಗಟ್ಟಲೆ ಕಾದಿದ್ದೆವು. ನಿಯಮವನ್ನು ಬಲ್ಲವರು ಅದನ್ನು ತಮ್ಮ ಕಣ್ಣಿನಿಂದಲೇ ನೋಡಿ ತಮ್ಮ ಕೈಯಿಂದಲೇ ತಿದ್ದಬಹುದು ಎಂಬುದೇ ಈ ವೇದಿಕೆಯ ನಿಜವಾದ ಬೆಲೆ ಎಂದು ನನಗೆ ಅಂದೇ ಮನವರಿಕೆಯಾಯಿತು. ಮುಂದಿನ ತಿಂಗಳುಗಳಲ್ಲಿ ಅದರ ಪ್ರತಿಯೊಂದು ಸೌಲಭ್ಯವನ್ನೂ ನಾನು ಇದೇ ಅಳತೆಗೋಲಿನಿಂದ ಅಳೆದಿದ್ದೇನೆ: ಇದು ನಿಯಮವನ್ನು ಕಾಣಿಸುತ್ತದೆಯೇ, ಮರೆಮಾಡುತ್ತದೆಯೇ?

ಕೃತಕ ಬುದ್ಧಿಮತ್ತೆಯ ಸಹಾಯಕ ಈ ಅಳತೆಯಲ್ಲಿ ಅರ್ಧ ಮಾತ್ರ ಗೆಲ್ಲುತ್ತದೆ. ಬೇಕಾದದ್ದನ್ನು ಒಂದು ವಾಕ್ಯದಲ್ಲಿ ಹೇಳಿದರೆ ಅರ್ಜಿ ನಮೂನೆಯನ್ನು ಕ್ಷಣದಲ್ಲಿ ಸಿದ್ಧಪಡಿಸುತ್ತದೆ, ಅದು ಸಂತೋಷದ ವಿಷಯವೇ. ಆದರೆ ನಮಗೆ ಸಿಕ್ಕ ಕರಡಿನಲ್ಲಿ ಇಪ್ಪತ್ತೆರಡು ಅಂಕಣಗಳಿದ್ದವು. ರಸ್ತೆ ಅಗೆಯುವವರ ಜನ್ಮದಿನಾಂಕ, ಲಿಂಗ, ಉದ್ಯೋಗ ಎಲ್ಲವನ್ನೂ ಅದು ಕೇಳಿತ್ತು. ಒಂದೊಂದನ್ನೂ 'ಇದು ಯಾವ ನಿರ್ಧಾರಕ್ಕೆ ಬೇಕು' ಎಂದು ಪ್ರಶ್ನಿಸುತ್ತ ಹೋದಾಗ ಉಳಿದದ್ದು ಒಂಬತ್ತು. ಉದ್ದೇಶಕ್ಕೆ ಬೇಕಾದಷ್ಟೇ ಮಾಹಿತಿ ಪಡೆಯಬೇಕೆಂಬುದು ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮ 2018ರಿಂದ ಕಡ್ಡಾಯಗೊಳಿಸಿರುವ ತತ್ತ್ವ. ಅಂಥ ಕಾನೂನು ಇಲ್ಲದ ಕಡೆಯೂ ಇದು ನಾಗರಿಕರಿಗೆ ನಾವು ತೋರಬೇಕಾದ ಮರ್ಯಾದೆ.

ಹೆಚ್ಚು ಆತಂಕ ಹುಟ್ಟಿಸಿದ್ದು ಸ್ಕ್ಯಾನ್ ಮಾಡಿದ ದಾಖಲೆಗಳನ್ನು ಓದುವ ಭಾಗ. ಅರ್ಜಿಯೊಂದಕ್ಕೆ ಲಗತ್ತಿಸಿದ್ದ ವಿಮಾ ಪತ್ರದಲ್ಲಿ ಮುಕ್ತಾಯದ ದಿನಾಂಕ '04/09' ಎಂದಿತ್ತು. ವೇದಿಕೆ ಅದನ್ನು ಸೆಪ್ಟೆಂಬರ್ ನಾಲ್ಕರ ಬದಲು ಏಪ್ರಿಲ್ ಒಂಬತ್ತು ಎಂದು ಓದಿ, ವಿಮೆಯ ಅವಧಿ ಮುಗಿದಿದೆ ಎಂದು ಅರ್ಜಿಯನ್ನು ತಿರಸ್ಕಾರದ ಸಾಲಿಗೆ ಸೇರಿಸಿತ್ತು. ಪಕ್ಕದಲ್ಲಿ ಹಸಿರು ಅಕ್ಷರಗಳಲ್ಲಿ ಶೇ 96 ಖಚಿತತೆ ಎಂದು ತೋರಿಸುತ್ತಿತ್ತು. ಆ ಸಂಖ್ಯೆ ಹೇಳುವುದು ಅಂಕಿಗಳನ್ನು ಎಷ್ಟು ಸ್ಪಷ್ಟವಾಗಿ ಗುರುತಿಸಿತು ಎಂಬುದನ್ನು. ಯಾವುದು ದಿನ, ಯಾವುದು ತಿಂಗಳು ಎಂಬ ಅರ್ಥ ಅದರ ವ್ಯಾಪ್ತಿಯಲ್ಲೇ ಇರಲಿಲ್ಲ. ಗುಮಾಸ್ತರು ಮೂಲ ಪತ್ರವನ್ನು ತೆರೆದು ನೋಡದೇ ಹೋಗಿದ್ದರೆ ತಪ್ಪೇನೂ ಇಲ್ಲದ ಅರ್ಜಿದಾರರೊಬ್ಬರು ಮತ್ತೆ ಕಚೇರಿಗೆ ಅಲೆಯಬೇಕಾಗುತ್ತಿತ್ತು. ಈಗ ಓದಿದ ಮೌಲ್ಯದ ಪಕ್ಕದಲ್ಲೇ ದಾಖಲೆಯ ಆ ಭಾಗದ ಚಿತ್ರ ಕಾಣುವಂತೆ ಪರದೆಯನ್ನು ಮರುಜೋಡಿಸಿದ್ದೇವೆ, ಮತ್ತು ತಿರಸ್ಕಾರದ ಹಂತಕ್ಕೆ ಯಂತ್ರದಿಂದ ನೇರವಾಗಿ ಹೋಗುವ ಬಾಣವನ್ನೇ ತೆಗೆದುಹಾಕಿದ್ದೇವೆ. ಇದನ್ನು ನಾವು ಮಾಡಿಕೊಳ್ಳಬೇಕಾಯಿತು ಎಂಬುದು ನನ್ನ ದೂರು; ವೇದಿಕೆ ಮೊದಲಿನಿಂದಲೇ ಹೀಗಿರಬೇಕಿತ್ತು. 2024ರ ಐರೋಪ್ಯ ಕೃತಕ ಬುದ್ಧಿಮತ್ತೆ ಕಾಯ್ದೆಯ 14ನೇ ವಿಧಿ, ಹೆಚ್ಚಿನ ಅಪಾಯದ ವ್ಯವಸ್ಥೆಗಳಲ್ಲಿ ಮಾನವ ಮೇಲ್ವಿಚಾರಣೆ ಇರಬೇಕೆಂದು ಹೇಳುವುದರ ಜೊತೆಗೆ, ಯಂತ್ರ ಹೇಳಿದ್ದನ್ನು ಯೋಚಿಸದೆ ನಂಬಿಬಿಡುವ ಮನುಷ್ಯ ಸ್ವಭಾವವನ್ನೂ ಹೆಸರಿಸಿ ಎಚ್ಚರಿಸುತ್ತದೆ. ಆ ಹಸಿರು ಅಕ್ಷರಗಳು ಪೋಷಿಸುವುದು ಅದೇ ಸ್ವಭಾವವನ್ನು.

ನಿಯಮವೇ ತಪ್ಪಾಗಿದ್ದರೆ ವೇಗ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಆಸ್ಟ್ರೇಲಿಯಾದ ರೋಬೋಡೆಟ್ ಪ್ರಕರಣವನ್ನು ನಮ್ಮ ತರಬೇತಿಯಲ್ಲಿ ನಾನು ಪ್ರತಿ ಸಲ ಹೇಳುತ್ತೇನೆ. ವಾರ್ಷಿಕ ಆದಾಯವನ್ನು ಎರಡೆರಡು ವಾರಗಳಿಗೆ ಸಮನಾಗಿ ಹಂಚಿ, ಕಲ್ಯಾಣ ಸಹಾಯ ಪಡೆದವರ ಮೇಲೆ ಇಲ್ಲದ ಬಾಕಿಯನ್ನು ಹೊರಿಸಿದ ಆ ಯೋಜನೆಯಲ್ಲಿ ಇದ್ದದ್ದು ಸರಳ ಸರಾಸರಿ ಲೆಕ್ಕ. ಅದರ ಬಗ್ಗೆ ನೇಮಿಸಿದ ರಾಯಲ್ ಕಮಿಷನ್ 2023ರ ಜುಲೈಯಲ್ಲಿ ವರದಿ ನೀಡಿತು. ಲೆಕ್ಕ ನಡೆಯುವ ಚೌಕವನ್ನು ಯಾರಾದರೂ ತೆರೆದು ಓದುವಂತಿರಬೇಕು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ನಮ್ಮ ವೇದಿಕೆಯ ನಿರ್ಧಾರ ಕೋಷ್ಟಕಗಳು ಈ ವಿಷಯದಲ್ಲಿ ಬಹಳ ಚೆನ್ನಾಗಿವೆ: ಪ್ರತಿ ಸಾಲಿನಲ್ಲೂ ಒಂದು ಷರತ್ತು, ಎದುರಿಗೆ ಅದರ ಫಲ, ಕೊನೆಯಲ್ಲಿ ಬದಲಾಯಿಸಿದವರ ಹೆಸರು ಮತ್ತು ದಿನಾಂಕ.

ಭದ್ರತೆಯ ಬಗ್ಗೆ ಒಂದು ಮಾತು. 2021ರಲ್ಲಿ ಮೈಕ್ರೋಸಾಫ್ಟ್‌ನ ಲೋ-ಕೋಡ್ ವೇದಿಕೆಯಾದ ಪವರ್ ಆ್ಯಪ್ಸ್‌ನಲ್ಲಿ ಕಟ್ಟಿದ ಪೋರ್ಟಲ್‌ಗಳಲ್ಲಿ ಯಾರು ಏನನ್ನು ನೋಡಬಹುದು ಎಂಬ ಅನುಮತಿಗಳ ಹೊಂದಿಕೆ ಸರಿಯಿಲ್ಲದ ಕಾರಣ, ಸರ್ಕಾರಿ ಸಂಸ್ಥೆಗಳದ್ದೂ ಸೇರಿ 3.8 ಕೋಟಿ ದಾಖಲೆಗಳು ಬಹಿರಂಗವಾಗಿದ್ದವು ಎಂದು ಅಪ್‌ಗಾರ್ಡ್ ಎಂಬ ಸೈಬರ್ ಭದ್ರತಾ ಸಂಸ್ಥೆ ವರದಿ ಮಾಡಿತ್ತು. ಅದನ್ನು ಓದಿದ್ದರಿಂದ ನಾವು ಲಾಗಿನ್ ಇಲ್ಲದ ಬ್ರೌಸರಿನಿಂದ ನಮ್ಮ ಪ್ರತಿ ದತ್ತಾಂಶ ಕೋಷ್ಟಕವನ್ನೂ ತೆರೆದು ನೋಡಿದೆವು. ಒಂದು ತೆರೆದುಕೊಂಡಿತು, ಅದೇ ದಿನ ಮುಚ್ಚಿದೆವು. ಕಟ್ಟುವುದು ಸುಲಭವಾದಷ್ಟೂ ಇಂಥ ಬಾಗಿಲುಗಳು ಗಮನಕ್ಕೆ ಬಾರದೆ ಉಳಿದುಬಿಡುತ್ತವೆ.

ಬೆಲೆ ಬಳಕೆದಾರರ ಸಂಖ್ಯೆಗೆ ತಕ್ಕಂತೆ ಏರುತ್ತದೆ, ದುಬಾರಿಯೇ. ಆದರೆ ಅದಕ್ಕಿಂತ ದೊಡ್ಡ ತೊಡಕು ಹೊರಬರುವ ದಾರಿಯದು. ಹರಿವಿನ ಚಿತ್ರವನ್ನು ಬಿಪಿಎಂಎನ್ ಎಂಬ, ಹಲವು ವೇದಿಕೆಗಳು ಓದಬಲ್ಲ ಮುಕ್ತ ಮಾನಕದಲ್ಲಿ ಇಳಿಸಿಕೊಳ್ಳಬಹುದು, ನಿಜ. ನಾನು ಅಷ್ಟು ಮೆಚ್ಚಿದ ನಿರ್ಧಾರ ಕೋಷ್ಟಕಗಳು ಮಾತ್ರ ಆ ಕಡತದಲ್ಲಿ ಬರುವುದಿಲ್ಲ. ನಾಳೆ ಬೇರೆ ವೇದಿಕೆಗೆ ಹೋಗಬೇಕೆಂದರೆ ಬಾಣಗಳು ನಮ್ಮ ಜೊತೆ ಬರುತ್ತವೆ, ನಿಯಮಗಳು ಇಲ್ಲೇ ಉಳಿಯುತ್ತವೆ. ಒಪ್ಪಂದದ ನವೀಕರಣಕ್ಕೆ ಮುನ್ನ ಅವೂ ಮುಕ್ತ ರೂಪದಲ್ಲಿ ನಮ್ಮ ಕೈಗೆ ಸಿಗಬೇಕೆಂದು ಲಿಖಿತವಾಗಿ ಕೇಳಿದ್ದೇವೆ. ಅಲ್ಲಿಯವರೆಗೆ ಗುಮಾಸ್ತರು ಪ್ರತಿ ಕೋಷ್ಟಕವನ್ನೂ ತಿಂಗಳಿಗೊಮ್ಮೆ ಮುದ್ರಿಸಿ, ಸಹಿ ಹಾಕಿ, ಕಡತಕ್ಕೆ ಸೇರಿಸುತ್ತಿದ್ದಾರೆ.